ಎಂಟು ತಾಸಿನ ಕೋಳಿ

ಹೆಂಡತಿ ಬಂದು ‘ನಾ ನೌಕರಿಗಿ ಹೋಗ್ತೀನ್ರಿ’ ಎಂದಾಗ ಗಂಡನಾದವನು ಏನು ಹೇಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಏನು ಹೇಳಬಾರದು ಎಂಬುದು ಮಾತ್ರ ಪಕ್ಕಾ ಗೊತ್ತಿದೆ. ‘ಮತ್ತ ಅಡಗಿ ಯಾರ ಮಾಡಬೇಕು?’ ಎನ್ನಬಾರದು. ಅಂದರೂ ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬೇಕು. ನಾನು ಮುಚ್ಚಿಕೊಳ್ಳಲಿಲ್ಲ.

ನನ್ನ ಹೆಸರು ಗುರುಸಿದ್ಧ. ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟಾವೆಲ್ ಕಾರಖಾನೆಯಲ್ಲಿ ಮಾಲು ಕಳಿಸುವ ವಿಭಾಗದ ಸುಪರ್‌ವೈಜರ್. ನನ್ನ ಕೈಕೆಳಗೆ ಹದಿನಾಲ್ಕು ಜನ. (ಮನೆಯಲ್ಲಿ ನಾನು ಯಾರ ಕೈಕೆಳಗೆ ಎಂಬ ಪ್ರಶ್ನೆ ಈಗ ಬೇಡ.) ನನ್ನ ಹೆಂಡತಿ ಛಾಯಾ ಹನ್ನೆರಡು ವರ್ಷದಿಂದ ಮನೆಯಲ್ಲೇ ಕೂತು ಓಣಿಯ ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಅವಳ ಕೈ ನೋಡಿದ ಯಾರೋ ಚಿಂಚೋಳಿ ಎಂಐಡಿಸಿಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುವ ಕಾರಖಾನೆಗೆ ಅವಳ ಹೆಸರು ಹೇಳಿದ್ದಾರೆ. ಅವರು ಕರೆದಿದ್ದಾರೆ. ಮುಂಜಾನೆ ಎಂಟಕ್ಕೆ ಕಂಪನಿಯ ಬಸ್ಸು ಓಣಿಯ ಬಾಯಿಗೇ ಬರುತ್ತದಂತೆ.

‘ಮತ್ತ ಅಡಗಿ ಯಾರ ಮಾಡಬೇಕು?’ ಎಂದೆ.

‘ಮುಂಜಾನೆದ ನಾನ ಮಾಡಿಟ್ಟ ಹೋಗ್ತೀನಿ. ಸಂಜೀಕ ನೀವೂ ಒಂದೀಟ ಕೈ ಹಚ್ಚಬೇಕಾಗ್ತೈತ್ರಿ.’

‘ಕೈ ಹಚ್ಚೂದೇನ್ ದೊಡ್ಡ ಮಾತಲ್ಲ. ಅಡಗಿ ಅಂದ್ರ ಏನ್ ಗುಡ್ಡಾ ಒಡ್ಯೂದೇನು? ಗ್ಯಾಸ ಹಚ್ಚೂದು, ಇಡೂದು, ಇಳಸೂದು. ಅಷ್ಟಕ್ಕ ನೀವು ಹೆಣ್ಮಕ್ಕಳು ದಿನಾ ಏನ ಒದ್ದಾಡ್ತೀರೋ ಆ ದೇವರಿಗೇ ಗೊತ್ತು.’

ಮಾತಾಡುತ್ತಲೇ ಒಳಗೆ ಹೋಗಿದ್ದ ಛಾಯಾಳ ಭಾಕ್ರಿ ಬಡಿಯುವ ಸದ್ದು ನಿಂತಿತು. (ನಮ್ಮ ಮನೆಯಲ್ಲಿ ಆ ಸದ್ದು ನಡುವೆ ನಿಂತಾಗ ಮುಂದೆ ಒಳ್ಳೆಯದಾದ ಉದಾಹರಣೆ ಇಲ್ಲ.) ಛಾಯಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

‘ಹಂಗಾದ್ರ ಈ ರವಿವಾರ ನೀವ ಮಾಡ್ರಿ. ನಮ್ಮ ಅಪ್ಪಾ ಅವ್ವಾ ಬರಾಕತ್ಯಾರ. ನಾ ಅಡಗಿ ಮನಿ ಹೊಸ್ತಿಲಾ ದಾಟೂದಿಲ್ಲ. ನಮ್ಮ ಅಪ್ಪಾ ಹೊಟ್ಟಿ ತುಂಬ ಉಂಡ್ರ, ನೌಕರಿ ಮಾತ ಮತ್ತ ನನ್ನ ಬಾಯಾಗ ಬರೂದಿಲ್ಲ. ಉಣಲಿಲ್ಲಂದ್ರ, ಸೋಮವಾರ ಎಂಟಕ್ಕ ನಾ ಬಸ್ಸಿನ್ಯಾಗ.’

‘ಮಂಜೂರ!’ ಎಂದೆ.

ನನಗೆ ಧೈರ್ಯ ಎಲ್ಲಿಂದ ಬಂತು ಎಂದರೆ, ಅಟ್ಟದ ಮೇಲಿಂದ. ಅಲ್ಲಿ ಒಂದು ಸ್ಲೋ ಕುಕ್ಕರ್ ಇತ್ತು. ನಮ್ಮ ಮಾಲೀಕ ರಾಚಪ್ಪ ಸೇಠರಿಗೆ ವಿಲಾಯತಿಯ ಟಾವೆಲ್ ಗಿರಾಕಿಯೊಬ್ಬ ಪ್ರೀತಿಯಿಂದ ತಂದುಕೊಟ್ಟದ್ದು. ಸೇಠರ ಮನೆಯಲ್ಲಿ ತತ್ತಿಯ ಹೆಸರು ಹೇಳಿದರೂ ಬಾಯಿ ತೊಳೆಯಬೇಕು. ಅದರ ರಟ್ಟಿನ ಖೋಕಿಯ ಮೇಲೆ ಕಾಲು ಮೇಲೆ ಮಾಡಿ ಮಲಗಿದ ಇಡೀ ಕೋಳಿಯ ಚಿತ್ರ. ಅದನ್ನು ಕಂಡ ಸೇಠಾಣಿ ಖೋಕಿಯನ್ನು ಪಡಸಾಲೆಗೂ ಬಿಡಲಿಲ್ಲವಂತೆ. ಹಾಗಾಗಿ ದೀಪಾವಳಿಯಲ್ಲಿ ಅದು ‘ಪ್ರಾಮಾಣಿಕ ಸೇವೆಗಾಗಿ’ ನನಗೆ ದಯಪಾಲಿಸಲ್ಪಟ್ಟಿತು. ಕಾರಖಾನೆಯ ವಾಯರಮನ್ ಅದರ ದಪ್ಪ ಪಿನ್ನು ಕತ್ತರಿಸಿ ನಮ್ಮ ದೇಶದ ಪಿನ್ನು ಕೂರಿಸಿಕೊಟ್ಟಿದ್ದ. ಅಂದಿನಿಂದ ಅಟ್ಟದ ಮೇಲೆ ಧ್ಯಾನಸ್ಥವಾಗಿ ಕೂತಿತ್ತು. ಸಾಮಾನು ಹಾಕಿ ಮುಚ್ಚಳ ಮುಚ್ಚಿ ಗುಂಡಿ ಒತ್ತಿದರಾಯಿತು, ತಾನೇ ಬೇಯಿಸಿಕೊಳ್ಳುತ್ತದೆ. ಗಂಡಸರ ಮರ್ಯಾದೆ ಉಳಿಸಲೆಂದೇ ಹುಟ್ಟಿದ ಯಂತ್ರ.

ಜೊತೆಗಿದ್ದ ಇಂಗ್ಲಿಷ್ ಪುಸ್ತಕವನ್ನು ಮಗಳು ದೀಪಾಲಿಯ ಕೈಗೆ ಕೊಟ್ಟೆ. ಅವಳು ಐದನೆಯ ಇಯತ್ತೆ. ಮರಾಠಿ, ಇಂಗ್ಲಿಷ್ ಎರಡನ್ನೂ ಗಟಗಟ ಓದುತ್ತಾಳೆ.

‘ಪಪ್ಪಾ, ಹೇ ಬಘಾ! ಹಾರ್ಟಿ ಚಿಕನ್ ಚೌಡರ್!’

‘ಹಾರ್ಟಿಗಿ ಏನಾಗ್ತೈತಂತ?’ ಛಾಯಾ ಹೊರಗಿನಿಂದ ಕೇಳಿದಳು. ‘ಮೊದಲ ತಿಳಕೊಂಡ ಮಾಡ್ರಿ. ನಮ್ಮ ಅಪ್ಪಗ ಅರವತ್ತೆಂಟು.’

‘ಹೊಟ್ಟಿ ತುಂಬೂ ಅಂಥಾದ್ದು ಅಂತ ಅರ್ಥ!’ ನಾನು ಗದರಿದೆ.

‘ಮತ್ತ ಚೌಡರ್ ಅಂದ್ರ? ಚೌಡವ್ವಗ ಮಾಡೂ ನೈವೇದ್ಯನ?’

‘ಮುಂದ ಓದು’ ಎಂದು ಮಗಳಿಗೆ ಹೇಳಿದೆ. ದೀಪಾಲಿ ಪಟ್ಟಿ ಓದಿದಳು: ಎಲುಬಿಲ್ಲದ ಕೋಳಿ, ಬಟಾಟಿ, ಗಜ್ಜರಿ, ಉಳ್ಳಾಗಡ್ಡಿ, ಗೊಂಜಾಳದ ಕಾಳು, ಕರಿಮೆಣಸಿನ ಪುಡಿ, ಕಡೆಗೆ ಹಾಲು ಮತ್ತು ಚೂರು ಮೈದಾ. ಕೆಂಪು ಖಾರ ಇಲ್ಲ, ಕಾಳಾ ಮಸಾಲೆ ಇಲ್ಲ, ಹುರಿದ ಕೊಬ್ಬರಿ ಇಲ್ಲ. ಸಣ್ಣ ಉರಿಯಲ್ಲಿ ಎಂಟು ತಾಸು.

‘ಎಂಟ ತಾಸ!’ ಛಾಯಾ ನಕ್ಕಳು. ‘ಅಷ್ಟೊತ್ತಿನ್ಯಾಗ ಎಸ್.ಟಿ. ಬಸ್ಸ ಹಿಡದ್ರ ಪುಣೆ ಮುಟ್ಟಿ, ಕೆಲಸಾ ಮುಗಿಸಿ, ತಿರಿಗಿ ಬರೂ ಗಾಡಿ ಹತ್ತಬಹುದು.’

ನಗಲಿ ಎಂದು ಬಿಟ್ಟೆ. ನನ್ನ ಚಿಂತೆ ಇದ್ದದ್ದು ಮಾವನದು. ಗೊಲ್ಲಾಳಪ್ಪ ಎಂದರೆ ಅಕ್ಕಲಕೋಟದ ಆಚೆ ಎಂಬತ್ತು ಕುರಿಗಳ ಒಡೆಯ. ಒಂದು ಕಾಲದಲ್ಲಿ ಅವರು ಮಟನ್ ಊಟಕ್ಕೆ ಕೂತರೆ ಬಡಿಸುವವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಳ್ಳಬೇಕಿತ್ತು. ಅಂಥವರು ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಒಂದು ತುಂಡು ಮುಟ್ಟಿಲ್ಲ. ಬಂದಾಗೆಲ್ಲ ‘ಇವತ್ತ ಉಪಾಸ’, ‘ಹೊಟ್ಟಿ ಸರಿ ಇಲ್ಲ’ ಎಂದು ಸಾರಿನಲ್ಲಿ ಭಾಕ್ರಿ ನೆನೆಸಿಕೊಂಡು ಏಳುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ಹೋದ ವರ್ಷ ಅವರು ಕಡಿದ ಕುರಿಯನ್ನು ನಾನು ‘ಒಂದೀಟ ಬಲತೈತಿ’ ಎಂದಿದ್ದೆ. ಕುರಿಗಾರನ ಎದುರು ಅವನ ಕುರಿಯ ವಯಸ್ಸು ತೆಗೆಯಬಾರದು. ಮಾವ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಹಾಗಾಗಿ ಈ ರವಿವಾರ ಒಂದೇ ಕೋಳಿಯಲ್ಲಿ ಎರಡು ಕೆಲಸ: ಹೆಂಡತಿಯ ಬಾಯಿ ಮುಚ್ಚಿಸುವುದು, ಮಾವನ ಬಾಯಿ ತೆರೆಸುವುದು.

ರವಿವಾರ ಮುಂಜಾನೆ ಐದಕ್ಕೆ ಎದ್ದೆ. ಛಾಯಾ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಕೈ ಕಟ್ಟಿ, ಕ್ರಿಕೆಟ್ ಅಂಪೈರನ ಹಾಗೆ ಕೂತಳು. ನಾನು ಉಳ್ಳಾಗಡ್ಡಿ ಹೆಚ್ಚಿದೆ. ಹೆಚ್ಚಿದ್ದಕ್ಕಿಂತ ಅತ್ತದ್ದೇ ಜಾಸ್ತಿ. ಬಟಾಟಿ ಸುಲಿದಾಗ ಸಿಪ್ಪೆಗೆ ಹೋದ ಬಟಾಟಿ ಹೆಚ್ಚು, ನನಗೆ ಉಳಿದದ್ದು ಕಡಿಮೆ. ಆದರೂ ಐದೂ ಮುಕ್ಕಾಲಿಗೆ ಎಲ್ಲವನ್ನೂ ಸುರಿದು, ನೀರು ಉಪ್ಪು ಹಾಕಿ, ಗುಂಡಿಯನ್ನು ಸಣ್ಣ ಉರಿಗೆ ತಿರುಗಿಸಿದೆ. ಕೆಂಪು ದೀಪ ಹತ್ತಿತು. ನಾನು ಹೊರಗೆ ಬಂದು ಪೇಪರ್ ಬಿಡಿಸಿ, ಕಾಲು ಚಾಚಿದೆ.

‘ನೋಡು. ಆತ ಅಡಗಿ. ಈಗ ನನಗ ಹೇಳು, ಇದರಾಗ ಒದ್ದಾಡೂದ ಏನೈತಿ?’

ಎಂಟಕ್ಕೆ ನೆತ್ತಿಯ ಮೇಲಿನ ಫ್ಯಾನು ಛಾಯಾಳ ಪರವಾಗಿ ಮಾತಾಡಿತು. ಅಂದರೆ ನಿಂತಿತು.

ಓಣಿಗೆ ಕರೆಂಟು ಹಂಚುವ ಡಿ.ಪಿ. ಸುಟ್ಟಿತ್ತು. ಕರೆಂಟು ಸಂಜೆಯ ತನಕ ಬರುವುದಿಲ್ಲ ಎಂದು ಪಕ್ಕದ ಮನೆಯವರು ಸಂತೋಷದಿಂದ ಸುದ್ದಿ ಕೊಟ್ಟರು. ಮುಚ್ಚಳ ತೆಗೆದು ನೋಡಿದೆ. ಕೋಳಿ ಇನ್ನೂ ನಸುಗೆಂಪಾಗಿ, ಬೆಚ್ಚನೆ ನೀರಿನಲ್ಲಿ ಸ್ನಾನ ಮಾಡುತ್ತಿತ್ತು. ಗ್ಯಾಸಿನ ಮೇಲೆ ಇಡೋಣವೆಂದರೆ ಒಳಗಿನ ಗಡಿಗೆ ಚೀನಿಮಣ್ಣಿನದು, ಒಡೆಯುತ್ತದೆ. ಬೋಗುಣಿಗೆ ಸುರಿದು ಬೇಯಿಸಬಹುದಿತ್ತು. ಆದರೆ ಛಾಯಾ ಕುರ್ಚಿಯಲ್ಲಿ ಕೂತೇ ಗ್ಯಾಸಿನ ಕಟ್ಟೆಯ ಕಡೆಗೆ ಒಮ್ಮೆ ನೋಡಿ ಮುಗುಳ್ನಕ್ಕಳು. ಆ ನಗೆ ಕಂಡ ಮೇಲೆ ಗ್ಯಾಸು ಹಚ್ಚುವುದು ಸಾಧ್ಯವಿರಲಿಲ್ಲ.

ಎಂಐಡಿಸಿಯಲ್ಲಿ ಕರೆಂಟು ಇರುತ್ತದೆ! ನಮ್ಮ ಕಾರಖಾನೆ ಎರಡೇ ಕಿಲೋಮೀಟರು. ಕುಕ್ಕರನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು, ಇಪ್ಪತ್ತರ ವೇಗದಲ್ಲಿ, ಪ್ರತಿ ತಗ್ಗಿಗೂ ‘ಸಾವಕಾಶ, ಸಾವಕಾಶ’ ಎಂದು ನನಗೇ ಹೇಳಿಕೊಳ್ಳುತ್ತ ಹೊರಟೆ. ಗೇಟಿನಲ್ಲಿ ವಾಚಮನ್ ಅಮೋಗಸಿದ್ಧ ಎದ್ದು ಸಲಾಮು ಹೊಡೆದ.

‘ರವಿವಾರ ಮಾಲ ಬಂತೇನ್ರಿ ಸಾಹೇಬ್ರ?’

‘ಪ್ಲಗ್ ಎಲ್ಲೈತಿ, ಅದನ್ನ ಹೇಳು.’

ಅವನ ಖೋಲಿಯಲ್ಲಿ, ಅವನ ಮೊಬೈಲ್ ಕಿತ್ತು, ನನ್ನ ಕುಕ್ಕರ್ ಹಚ್ಚಿದೆ. ಈ ಸಲ ದೊಡ್ಡ ಉರಿ. ಮೂರು ತಾಸು ಇಬ್ಬರೂ ಅದರ ಎರಡು ಬದಿಗೆ ಕೂತೆವು. ವಾಸನೆಗೆ ಮೊದಲು ಒಂದು ನಾಯಿ ಬಂತು. ಆಮೇಲೆ ಅದು ತನ್ನ ಬಳಗವನ್ನು ಕರೆತಂದಿತು. ಅಮೋಗಸಿದ್ಧ ಕೋಲು ಹಿಡಿದು ಬಾಗಿಲಲ್ಲಿ ನಿಂತು, ನಡುನಡುವೆ ಒಳಗೆ ಇಣುಕುತ್ತಿದ್ದ.

‘ಸಾಹೇಬ್ರ, ತಪ್ಪ ತಿಳಕೋಬ್ಯಾಡ್ರಿ. ಇದು ಬೇಯಾಕತ್ತೈತೋ, ಮಲಕೊಂಡೈತೋ?’

ಅಂತೂ ಹನ್ನೆರಡಕ್ಕೆ ಕೋಳಿ ಬೆಂದಿತ್ತು. ಬೆಂದಿತ್ತು ಎಂದರೆ ಚಮಚ ತಾಗಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮುಚ್ಚಳ ಹಾರದಂತೆ ಎರಡು ಬಿಳಿ ರಿಜೆಕ್ಟ್ ಟಾವೆಲ್‌ಗಳಿಂದ ಸುತ್ತಿ ಗಂಟು ಕಟ್ಟಿ ಹೊರಗೆ ಬಂದರೆ ಸ್ಕೂಟರಿನ ಹಿಂದಿನ ಗಾಲಿ ಪಂಕ್ಚರ್. ರಿಕ್ಷಾ ಹುಡುಕಲು ಓಡಿದರೆ ಚಪ್ಪಲಿಯ ಉಂಗುಷ್ಠ ಕಿತ್ತಿತು. ಒಂದು ಚಪ್ಪಲಿಯಲ್ಲಿ ನಡೆಯುವುದಕ್ಕಿಂತ ಬರಿಗಾಲೇ ವಾಸಿ ಎಂದು ಎರಡನ್ನೂ ಅಮೋಗಸಿದ್ಧನ ಹತ್ತಿರ ಬಿಟ್ಟೆ. ಕುಕ್ಕರ್ ಎತ್ತಿ ಎದೆಗೆ ಹಿಡಿದರೆ ಶಾಖ. ಕಡೆಗೆ ಮೂರನೆಯ ಟಾವೆಲನ್ನು ಸಿಂಬಿ ಮಾಡಿ, ತಲೆಯ ಮೇಲೆ ಇಟ್ಟು, ಅದರ ಮೇಲೆ ಕುಕ್ಕರ್ ಹೊತ್ತು, ಅಕ್ಕಲಕೋಟ ರಸ್ತೆಯಲ್ಲಿ ನಡೆಯತೊಡಗಿದೆ. ಬಿಸಿಲು. ಬರಿಗಾಲು. ಉಳ್ಳಾಗಡ್ಡಿಗೆ ಕೆಂಪಾದ ಕಣ್ಣು. ಗಡ್ಡ ಹೆರೆದಿರಲಿಲ್ಲ.

ಅಕ್ಕಲಕೋಟದಿಂದ ಮಂದಿ ತುಂಬಿಕೊಂಡು ಬರುವ ವಡಾಪ ಜೀಪೊಂದು ನನ್ನನ್ನು ದಾಟಿ ಮುಂದೆ ಹೋಗಿ ಕಿರ್ರೆಂದು ನಿಂತಿತು. ಅದರಿಂದ ಇಳಿದವರು ನನ್ನ ಮಾವ ಗೊಲ್ಲಾಳಪ್ಪ ಮತ್ತು ಅತ್ತೆ ಮುಕ್ತಾಬಾಯಿ.

ಅತ್ತೆ ನನ್ನನ್ನು ನೋಡಿದರು. ನನ್ನ ಬರಿಗಾಲು ನೋಡಿದರು. ತಲೆಯ ಮೇಲೆ ಬಿಳಿ ಬಟ್ಟೆ ಕಟ್ಟಿದ ಗಡಿಗೆ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

‘ಅಯ್ಯ ನಮ್ಮಪ್ಪ, ಬಿರೋಬಾ! ಜಾವಾಯಿ ಹರಕಿ ಹೊತ್ತಾನ!’

ಅಳಿಯ ಕುರಿಗಾರರ ದೇವರು ಬಿರೋಬಾನ ಗಡಿಗೆ ಹೊತ್ತು ಬರಿಗಾಲಲ್ಲಿ ಹರಕೆ ತೀರಿಸುತ್ತಿದ್ದಾನೆ ಎಂದು ಅವರ ಲೆಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿ, ಒಂದು ಮುಷ್ಟಿ ಭಂಡಾರ ತೆಗೆದು, ‘ಚಾಂಗಭಲ!’ ಎಂದು ದೇವರಿಗೆ ಜಯಕಾರ ಹಾಕಿ ಗಡಿಗೆಯ ಮೇಲೆ ಎರಚಿದರು. ಅರಿಷಿಣದ ಪುಡಿ ಅರ್ಧ ಗಡಿಗೆಗೆ, ಅರ್ಧ ನನ್ನ ಮೂಗಿಗೆ. ನಾನು ಸೀನಿದೆ.

‘ಅತ್ಯಾರ, ಇದು ದೇವರಲ್ರಿ, ಇದು...’

‘ಮಾತಾಡಬ್ಯಾಡ್ರಿ! ಹೊತ್ತಾಗ ಮಾತಾಡಬಾರ್ದು!’

ಮಾವ ತಮ್ಮ ಕೆರ ಕಳಚಿ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ದಾರಿ ಬಿಡಿಸುತ್ತ ನಡೆದರು. ಅತ್ತೆ ಹಿಂದೆ. ಎಂಐಡಿಸಿ ನಾಕಾದಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಏನು ಎತ್ತ ಎಂದು ಕೇಳದೆ ನನ್ನ ಕಾಲಿಗೆ ನೀರು ಹಾಕಿದರು. (ನಿಜ ಹೇಳುತ್ತೇನೆ, ಆ ಬಿಸಿಲಿಗೆ ಅದೊಂದೇ ಹಿತವಾದದ್ದು.) ಇನ್ನೊಬ್ಬರು ಟಾವೆಲಿನ ಗಂಟಿಗೆ ಸೇವಂತಿ ಹೂ ಸಿಕ್ಕಿಸಿದರು. ನಮ್ಮ ಓಣಿ ಸೇರುವಾಗ ನನ್ನ ಹಿಂದೆ ಒಂಬತ್ತು ಜನ ಇದ್ದರು, ಎಲ್ಲರೂ ‘ಚಾಂಗಭಲ’ ಅನ್ನುತ್ತಿದ್ದರು. ಒಳಗೆ ಕೋಳಿ ಇದೆ ಎಂದು ಹೇಳುವ ಮುಹೂರ್ತ ಯಾವಾಗಲೋ ಮೀರಿಹೋಗಿತ್ತು.

ಛಾಯಾ ಬಾಗಿಲಿಗೆ ಬಂದಳು. ಒಂದು ನೋಟದಲ್ಲಿ ಎಲ್ಲ ತಿಳಿಯಿತು ಅವಳಿಗೆ. ಸೆರಗು ಬಾಯಿಗೆ ತುರುಕಿಕೊಂಡು ಒಂದು ನಿಮಿಷ ಗೋಡೆಗೆ ಆತುಕೊಂಡಳು. ಆಮೇಲೆ ಮಹಾ ಭಕ್ತಿಯಿಂದ ಕೇಳಿದಳು:

‘ಎಲ್ಲಿ ಇಳಸ್ತೀರ್ರಿ? ದೇವರ ಕಟ್ಟಿ ಮ್ಯಾಲೋ, ಗ್ಯಾಸ ಕಟ್ಟಿ ಮ್ಯಾಲೋ?’

ಹಿಂದೆ ಬಂದವರನ್ನು ಅವಳೇ ಸಕ್ಕರೆ ಕೊಟ್ಟು ಸಾಗಹಾಕಿದಳು. ನಾನು ಅಡಿಗೆ ಮನೆಯಲ್ಲಿ ಗಂಟು ಬಿಚ್ಚಿದೆ. ಕೈ ಮುಗಿದು ನಿಂತಿದ್ದ ಅತ್ತೆಯ ಮುಖಕ್ಕೆ ಕೋಳಿಯ ಹಬೆ ಬಡಿಯಿತು.

‘ಇದೇನ್ರಿ ಇದು?’

‘ಕೋಳಿ ಅತ್ಯಾರ. ನಾನ ಮಾಡೀನಿ.’

‘ಎರಡ ಕಿಲೋಮೀಟರ ನಾ ಕೋಳಿಗಿ ಚಾಂಗಭಲ ಅಂದ್ನೇನು?’

‘ಹೋಗಲಿ ಬಿಡ,’ ಎಂದರು ಮಾವ. ‘ಬಿರೋಬಾ ತಿಳಕೋತಾನ. ಜಾವಾಯಿ ಬಿಸಲಾಗ ಬಂದಾನ, ಕುಂಡ್ರಲಿ.’

ಕೂರಲು ಎಲ್ಲಿ ಪುರಸೊತ್ತು? ಇನ್ನೂ ಹಾಲು ಹಾಕಬೇಕಿತ್ತು. ಮೈದಾ ಕಲಸಿದ ಬಿಸಿ ಹಾಲನ್ನು ಗಡಿಗೆಗೆ ಸುರಿಯುವುದನ್ನು ಕಂಡು ಅತ್ತೆ ಎರಡನೆಯ ಸಲ ಚೀರಿದರು.

‘ಕೋಳ್ಯಾಗ ಹಾಲ? ಮೈಮ್ಯಾಲ ಬಿಳೇ ಕಲಿ ಬೀಳ್ತಾವ! ಛಾಯಾ, ನಿನ್ನ ಗಂಡಗ ಏನಾಗೈತೆ?’

‘ಗೊತ್ತಿಲ್ಲವ್ವಾ,’ ಎಂದಳು ಛಾಯಾ ಹೊಸ್ತಿಲ ಆಚೆಯಿಂದ. ‘ನನಗ ಒಳಗ ಬರಾಕ ಪರವಾನಗಿ ಇಲ್ಲ.’

ಬಟ್ಟಲುಗಳಿಗೆ ಬಡಿಸಿದೆ. ಬಿಳಿ, ಗಟ್ಟಿ, ಅಲ್ಲಲ್ಲಿ ಹಳದಿ ಕಾಳು. ದೀಪಾಲಿ ಒಂದು ಚಮಚ ಬಾಯಿಗಿಟ್ಟು, ನುಂಗುವುದೋ ಉಗುಳುವುದೋ ತಿಳಿಯದೆ ನನ್ನ ಮುಖ ನೋಡಿದಳು. ಅತ್ತೆ ಬಟ್ಟಲನ್ನು ಮಾರು ದೂರ ಸರಿಸಿ, ತಾವೇ ಗಂಟಿನಲ್ಲಿ ತಂದಿದ್ದ ಕಡಕ ಭಾಕ್ರಿ, ಶೇಂಗಾ ಚಟ್ನಿ ಬಿಚ್ಚಿದರು. ‘ಗೊಂಜಾಳ ನಾವು ಎಮ್ಮಿಗಿ ಹಾಕ್ತೀವಿ,’ ಎಂದಷ್ಟೇ ಹೇಳಿದರು. ನಾನೂ ರುಚಿ ನೋಡಿದೆ. ಎಂಟು ತಾಸಿನ ಶ್ರಮ, ಒಂದು ಪಂಕ್ಚರ್, ಒಂದು ಜೊತೆ ಚಪ್ಪಲಿ, ಇಷ್ಟಕ್ಕೆ ಪ್ರತಿಯಾಗಿ ಉಪ್ಪು ಹಾಕಿದ ಹಾಲುಗಂಜಿ! ಸೋತೆ ಎಂದುಕೊಂಡೆ. ಸೋಮವಾರ ಎಂಟರ ಬಸ್ಸು ಕಣ್ಣ ಮುಂದೆ ಬಂತು, ಕಿಟಕಿಯಲ್ಲಿ ಛಾಯಾ ಕೈ ಬೀಸುತ್ತಿದ್ದಳು.

ಅಷ್ಟರಲ್ಲಿ ‘ಸುರ್’ ಎಂಬ ಸದ್ದು ಕೇಳಿತು. ಮತ್ತೊಂದು ‘ಸುರ್’.

ಮಾವ ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದರು. ‘ಇನ್ನೊಂದೀಟ ಹಾಕ್ರಿ.’

ಹಾಕಿದೆ. ಅದೂ ಹೋಯಿತು. ಮೂರನೆಯದನ್ನು ತಾವೇ ಬಗ್ಗಿ ಬಡಿಸಿಕೊಂಡರು. ನಾವೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದೆವು. ಮೂರೂ ಮುಗಿದ ಮೇಲೆ ಮೀಸೆ ಒರೆಸಿಕೊಂಡು, ಬಾಗಿಲ ಕಡೆಗೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

‘ವರ್ಷಾತು ನೋಡ್ರಿ, ಕೋಳಿ ಮಾಂಸ ನನ್ನ ನಾಲಿಗಿಗಿ ಹತ್ತಿ.’

‘ನೀವ ನನ್ನ ಮ್ಯಾಲ ಸಿಟ್ಟಾಗೀರಿ ಅಂತ ನಾ ತಿಳಕೊಂಡಿದ್ದೆ, ಮಾವಾರ. ಆ ಕುರಿ ಬಲತೈತಿ ಅಂದಿದ್ದಕ್ಕ...’

‘ಸಿಟ್ಟೆಲ್ಲಿದ್ರಿ? ಅದು ಖರೇನ ಬಲತಿತ್ತು.’ ಮಾವ ಬಾಯಿ ಅಗಲಿಸಿ, ಕೆನ್ನೆಯನ್ನು ಬೆರಳಿಂದ ಎಳೆದು ತೋರಿಸಿದರು. ಮುಂದೆ ಆರು ಹಲ್ಲು ಗಟ್ಟಿಯಾಗಿ ಹೊಳೆಯುತ್ತಿದ್ದವು. ಹಿಂದೆ, ಎರಡೂ ಬದಿಗೆ, ಏನೂ ಇರಲಿಲ್ಲ. ‘ದವಡಿ ಪೂರಾ ಖಾಲಿ. ಎಂಬತ್ತ ಕುರಿ ಕಾಯೂ ಮನಶಾಗ ಒಂದ ತುಂಡ ಅಗಿಯಾಕ ಬರೂದಿಲ್ಲಂದ್ರ ಊರಾಗ ಮಂದಿ ಏನಂದಾರು? ಅದಕ್ಕ ಉಪಾಸ, ಅದಕ್ಕ ಹೊಟ್ಟಿನೋವು. ಇಕಿಗೆ ಒಬ್ಬಾಕಿಗೆ ಗೊತ್ತು.’

ಅತ್ತೆ ಭಾಕ್ರಿಯ ಮೇಲೆ ಕಣ್ಣಿಟ್ಟು ತಲೆಯಾಡಿಸಿದರು. ಛಾಯಾ ಹೊಸ್ತಿಲು ಗಿಸ್ತಿಲು ಮರೆತು ಒಳಗೆ ಬಂದು ಅಪ್ಪನ ಹತ್ತಿರ ಕೂತಳು. ‘ಒಂದ ಮಾತ ಹೇಳಬಾರ್ದೇನಪಾ?’ ಎಂದಳು. ಅವಳ ದನಿ ಸಣ್ಣಗಾಗಿತ್ತು. ಒಂದು ವರ್ಷ ತಾನು ಮಾಡಿ ಬಡಿಸಿದ್ದನ್ನೆಲ್ಲ ಅಪ್ಪ ಆಸೆಗಣ್ಣಿನಿಂದ ನೋಡಿ ಏಳುತ್ತಿದ್ದದ್ದು ಅವಳಿಗೆ ಆಗ ತಿಳಿಯಿತು. ನಾನು ಮಾವನ ಮುಂದೆ ನೀರಿನ ತಂಬಿಗೆ ಸರಿಸಿದೆ.

ಅರ್ಧ ನಿಮಿಷ ಕಳೆಯಿತು. ಆಮೇಲೆ ನನಗೆ ಹೊಳೆಯಿತು: ಮಾವ ಉಂಡಿದ್ದಾರೆ! ಹೊಟ್ಟೆ ತುಂಬ! ಗೆದ್ದದ್ದು ನಾನು!

‘ಛಾಯಾ,’ ಎಂದೆ ಗಂಭೀರವಾಗಿ, ‘ಮೂರ ಬಟ್ಟಲಾತು. ಎಣಿಸಿದ್ಯಲ್ಲ?’

‘ಎಣಿಸೀನ್ರಿ. ನೀವ ಗೆದ್ರಿ. ನಾ ಮಾತಿಗಿ ತಪ್ಪಾಕಿ ಅಲ್ಲ.’

ಹನ್ನೆರಡು ವರ್ಷದ ಸಂಸಾರದಲ್ಲಿ ‘ನೀವ ಗೆದ್ರಿ’ ಎಂಬ ಎರಡು ಶಬ್ದ ಅದೇ ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು. ನಾನು ಗೋಡೆಗೆ ಒರಗಿ, ಕಣ್ಣು ಅರೆಮುಚ್ಚಿ, ಅದನ್ನು ಸವಿಯತೊಡಗಿದೆ. ಮಾವ ತಾಂಬೂಲದ ಚೀಲ ಬಿಚ್ಚಿ ಸಣ್ಣ ಒರಳಿನಲ್ಲಿ ಎಲೆ ಅಡಿಕೆ ಕುಟ್ಟುತ್ತ ಕೇಳಿದರು:

‘ಅಲಾ ಛಾಯಾ, ಮೊನ್ನೆ ಫೋನಿನ್ಯಾಗ ನಿಮ್ಮವ್ವಗ ನೌಕರಿ ಬಂದೈತಿ ಅಂತ ಹೇಳಿದ್ಯಂತಲ್ಲ. ಯಾಕ ಹೋಗವಲ್ಲಿ?’

ಛಾಯಾ ಸುಮ್ಮನೆ ನನ್ನ ಕಡೆಗೆ ನೋಡಿದಳು. ಬಾಯಿ ಬಿಡಲಿಲ್ಲ.

‘ಅಡಗಿ ಯಾರ ಮಾಡಬೇಕು ಅಂತ ಚಿಂತಿ ಇದ್ದೀತು,’ ಎಂದರು ಅತ್ತೆ.

‘ಯಾಕ ಚಿಂತಿ?’ ಮಾವ ಖಾಲಿಯಾದ ಗಡಿಗೆಯನ್ನು ಬೆರಳು ಮಾಡಿ ತೋರಿಸಿದರು. ‘ಇಂಥಾ ಕೈಗುಣ ಇದ್ದ ಗಂಡ ಮನ್ಯಾಗ ಇದ್ದಮ್ಯಾಲ? ನಾಳೆ ಎಂಟಕ್ಕ ಬಸ್ ಹತ್ತು. ನಾ ಹೇಳೀನಿ. ಏನ್ರಿ ಜಾವಾಯಿ?’

ನಾನು ಎದ್ದು ಕೂತೆ. ‘ಅಲ್ರಿ ಮಾವಾರ, ನಮ್ಮ ನಮ್ಮೊಳಗ ಒಂದ ಮಾತಾಗೈತಿ. ಛಾಯಾ, ನೀ ಹೇಳು, ನೌಕರಿ ಮಾತ ಎತ್ತೂದಿಲ್ಲ ಅಂದಿದ್ಯೋ ಇಲ್ಲೋ?’

‘ನನ್ನ ಬಾಯಾಗ ಬರೂದಿಲ್ಲ ಅಂದಿದ್ದೆ,’ ಎಂದಳು ಛಾಯಾ ತಣ್ಣಗೆ. ‘ಬಂದಿಲ್ಲಲ್ರಿ. ಅಪ್ಪನ ಬಾಯಾಗ ಬಂತು.’

ಸೋಮವಾರ ಎಂಟಕ್ಕೆ ಅವಳು ಬಸ್ಸು ಹತ್ತಿದಳು. ಸಂಜೆಯ ಅಡಿಗೆ ನನ್ನದಾಯಿತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಮುಂದಿನ ರವಿವಾರ ಹನ್ನೊಂದಕ್ಕೆ ನಮ್ಮ ಮನೆಯ ಎದುರು ಒಂದು ವಡಾಪ ಜೀಪು ನಿಂತಿತು. ಮೊದಲು ಮಾವ ಇಳಿದರು. ಆಮೇಲೆ ಅವರ ಅಕ್ಕ ಹಣಮವ್ವ ಇಳಿದರು. ಆಮೇಲೆ ಕುರಿ ದಲಾಲಿ ಕಲ್ಲಣ್ಣ, ಊರ ಸೂಲಗಿತ್ತಿ ತುಳಜಾಬಾಯಿ, ಇನ್ನೂ ಯಾರು ಯಾರೋ ಕೋಲೂರುತ್ತ ಒಬ್ಬರ ಹಿಂದೆ ಒಬ್ಬರು ಇಳಿದರು. ಮಂದಿ ಏಳು, ಹಲ್ಲು ಒಟ್ಟು ಹನ್ನೊಂದು. ಊರಿನಲ್ಲಿ ಉಪವಾಸ ಮಾಡುತ್ತಿದ್ದವರು ಮಾವ ಒಬ್ಬರೇ ಆಗಿರಲಿಲ್ಲವಂತೆ.

ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತು, ಬೋಳು ಒಸಡು ಬಿಟ್ಟು ನನ್ನ ಕಡೆಗೆ ನಕ್ಕರು. ನಾನು ಸೊಂಟಕ್ಕೆ ಟಾವೆಲ್ ಸುತ್ತಿಕೊಂಡು, ಕೈಯಲ್ಲಿ ಸೌಟು ಹಿಡಿದು ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಹಣಮವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, ‘ಇವರು ಯಾರೋ ತಮ್ಮಾ?’ ಎಂದು ಮಾವನನ್ನು ಕೇಳಿದರು.

‘ಇವರ ನೋಡು ನಮ್ಮ ಛಾಯಾನ ಗಂಡ,’ ಮಾವ ಅಭಿಮಾನದಿಂದ ಹೇಳಿದರು. ‘ಅಡಗಿ ಮಾಡ್ತಾರ. ಬಿಡುವಿದ್ದಾಗ ಟಾವೆಲ್ ಕಾರಖಾನಿಗೂ ಹೋಗಿ ಬರ್ತಾರ.’